ಮನೆಯ ಕೈತೋಟ: ಹಿತ್ತಲು, ತಾರಸಿ, ಬಾಲ್ಕನಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ತಾರಸಿ, ಮಲೆನಾಡಿನ ಹಿತ್ತಲು, ಕರಾವಳಿಯ ಅಂಗಳ ಎಲ್ಲ ಕಡೆಯ ಪ್ರಶ್ನೆಗಳೂ ಇಲ್ಲಿವೆ, ಕೇಳಿದವರ ಮಾತಿನಲ್ಲೇ. ಗಿಡ ಸೊರಗಿದರೆ ಹೆಚ್ಚಿನವರು ಮೊದಲು ಕೇಳುವುದು "ಏನು ಹೊಡೀಬೇಕು?" ಎಂದು. ಅದಕ್ಕೂ ಮುಂಚೆ ಮೂರು ಸಂಗತಿ ನೋಡಿಕೊಳ್ಳಿ: ಬಿಸಿಲು ಎಷ್ಟು ಹೊತ್ತು ಬೀಳುತ್ತದೆ, ಬೇರಿಗೆ ಗಾಳಿಯಾಡುತ್ತದೆಯೇ, ನೀರು ಹದವಾಗಿದೆಯೇ. ಬಹುಪಾಲು ತೊಂದರೆ ಅಲ್ಲೇ ಸಿಗುತ್ತದೆ.

## ಶುರು ಮಾಡುವವರಿಗೆ

ಮೊದಲ ಸಲ ಮಾಡ್ತಿದ್ದೀವಿ. ಟೊಮೆಟೊ ಹಾಕೋಣ ಅಂತಿದ್ದೀವಿ, ಸರಿನಾ?

ಟೊಮೆಟೊ ಎರಡನೇ ಸುತ್ತಿಗಿರಲಿ. ರೋಗ, ಹುಳು, ನೀರಿನ ಏರುಪೇರು ಎಲ್ಲಕ್ಕೂ ಬೇಗ ಸೋಲುವ ಗಿಡ ಅದು. ಸೊಪ್ಪಿನಿಂದ ಶುರು ಮಾಡಿ. ಮೆಂತ್ಯ, ದಂಟು, ಹರಿವೆ 25ರಿಂದ 30 ದಿನಕ್ಕೆ ಕೈಗೆ ಬರುತ್ತವೆ. ತಪ್ಪಾದರೂ ಒಂದೇ ತಿಂಗಳಲ್ಲಿ ಗೊತ್ತಾಗುತ್ತದೆ, ಮತ್ತೆ ಬಿತ್ತಬಹುದು. ಹರಿವೆ, ದಂಟಿನ ಬೀಜ ತೀರಾ ಸಣ್ಣದು. ಒಂದು ಚಮಚ ಬೀಜಕ್ಕೆ ನಾಲ್ಕೈದು ಚಮಚ ಒಣ ಮರಳು ಬೆರೆಸಿ ಉದುರಿಸಿದರೆ ಒಂದೇ ಕಡೆ ಗುಂಪಾಗಿ ಬೀಳುವುದಿಲ್ಲ. ಮೇಲೆ ಕಾಲು ಇಂಚು ಮಣ್ಣು ಸಾಕು.

ಸೊಪ್ಪು ಕೈಗೆ ಹತ್ತಿದ ಮೇಲೆ ಬೆಂಡೆ, ಮೆಣಸಿನಕಾಯಿ, ಅಲಸಂದೆ. ಬೆಂಡೆಗೆ ಎಲೆಯ ನರ ಹಳದಿಯಾಗುವ ನಂಜುರೋಗದ ಕಾಟ ಹೆಚ್ಚು. ಅದನ್ನು ತಡೆಯಲೆಂದೇ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಹೊರತಂದ ಅರ್ಕಾ ಅನಾಮಿಕ ತಳಿಯನ್ನು ಕೇಳಿ ತನ್ನಿ.

ಬಾಲ್ಕನಿಗೆ ಎರಡು ಮೂರು ಗಂಟೆ ಬಿಸಿಲು ಬಂದರೆ ಹೆಚ್ಚು. ತರಕಾರಿ ಆಗುತ್ತಾ?

ಕಾಯಿ ಬಿಡುವ ಗಿಡಕ್ಕೆ ನೇರ ಬಿಸಿಲು ಕನಿಷ್ಠ 6 ಗಂಟೆ ಬೇಕು. ಮೂರು ಗಂಟೆಯಲ್ಲಿ ಬದನೆ, ಬೆಂಡೆ ಉದ್ದಕ್ಕೆ ಬೆಳೆದು ನಿಲ್ಲುತ್ತವೆ, ಕಾಯಿ ಕಚ್ಚುವುದಿಲ್ಲ. ಪುದೀನ, ಒಂದೆಲಗ, ದೊಡ್ಡಪತ್ರೆ, ಬಸಳೆ, ಶುಂಠಿ, ಅರಿಶಿನ ಅಷ್ಟರಲ್ಲೇ ಸುಧಾರಿಸಿಕೊಳ್ಳುತ್ತವೆ.

ಒಂದು ತಿಂಗಳ ಬಿಸಿಲು ನೋಡಿ ತೀರ್ಮಾನಿಸಬೇಡಿ. ಬೆಂಗಳೂರು, ಮಂಗಳೂರು ಎರಡೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ. ಹಾಗಾಗಿ ಡಿಸೆಂಬರಿನಲ್ಲಿ ಬಿಸಿಲು ತುಂಬಿರುವ ದಕ್ಷಿಣದ ಬಾಲ್ಕನಿ ಜೂನ್ ಹೊತ್ತಿಗೆ ನೆರಳಾಗಿಬಿಡುತ್ತದೆ. ದಕ್ಷಿಣದ ಬಾಲ್ಕನಿಯವರು ಕಾಯಿ ತರಕಾರಿಯನ್ನು ಅಕ್ಟೋಬರಿನಿಂದ ಮಾರ್ಚ್‌ವರೆಗೆ ಮಾಡಿಕೊಳ್ಳಲಿ.

ಟೆರೇಸ್ ಮೇಲೆ ಇಷ್ಟು ಮಣ್ಣು ತುಂಬಿದರೆ ಮನೆಗೆ ಏನೂ ಆಗಲ್ವಾ?

ಲೆಕ್ಕ ಹಾಕಿ ನೋಡಿ. ಜನ ಓಡಾಡುವ ತಾರಸಿಗೆ ನಮ್ಮ ದೇಶದ ಕಟ್ಟಡ ಮಾನದಂಡ ಇಟ್ಟುಕೊಳ್ಳುವ ಭಾರ ಚದರ ಮೀಟರಿಗೆ ಸುಮಾರು 150 ಕೆಜಿ. ಒಂದು ಚದರ ಮೀಟರಿನ ಮಡಿಗೆ ಒಂದು ಅಡಿ ಮಣ್ಣು ತುಂಬಿದರೆ 300 ಲೀಟರ್ ಆಯಿತು. ನೆನೆದ ತೋಟದ ಮಣ್ಣಾದರೆ ಅದು 500 ಕೆಜಿ ದಾಟುತ್ತದೆ, ತೆಂಗಿನ ನಾರಿನ ಪುಡಿ ಬೆರೆಸಿದ್ದಾದರೂ 300 ಕೆಜಿ ಇದ್ದೇ ಇರುತ್ತದೆ. ಆದ್ದರಿಂದ ತಾರಸಿಯ ನಡುವೆ ಇಟ್ಟಿಗೆ ಕಟ್ಟಿ ಮಣ್ಣಿನ ಮಡಿ ಮಾಡುವುದು ಬೇಡವೇ ಬೇಡ. ಬಿಡಿ ಬಿಡಿ ಚೀಲ, ಕುಂಡಗಳನ್ನು ಕೆಳಗೆ ಗೋಡೆ ಅಥವಾ ಬೀಮ್ ಇರುವ ಸಾಲಿನಲ್ಲಿ ಇಡಿ. ದೊಡ್ಡ ಡ್ರಮ್‌ಗಳು ಕಂಬದ ಮೇಲ್ಗಡೆಯೇ ಇರಲಿ. ಹಳೆಯ ಮನೆಯಾದರೆ ಎಂಜಿನಿಯರ್ ಒಬ್ಬರಿಗೆ ತೋರಿಸದೆ ಡ್ರಮ್ ಏರಿಸಬೇಡಿ.

ಸೋರಿಕೆಯ ಭಯಕ್ಕೆ ಕುಂಡಗಳನ್ನು ಕಬ್ಬಿಣದ ಸ್ಟ್ಯಾಂಡ್ ಮೇಲೋ ಇಟ್ಟಿಗೆಯ ಮೇಲೋ ನೆಲದಿಂದ ಮೂರು ಇಂಚು ಎತ್ತರಿಸಿ. ಕೆಳಗೆ ಕಸ ಗುಡಿಸಲು ಪೊರಕೆ ಹೋಗುವಂತಿರಬೇಕು. ಮಳೆನೀರಿನ ಪೈಪಿನ ಬಾಯಿಗೆ ಜಾಲರಿ ಹಾಕಿ. ಸೋರುವ ತಾರಸಿಗಳಲ್ಲಿ ಅನೇಕ ಕಡೆ ಕಾರಣ ಆ ಬಾಯಿ ಎಲೆ, ಮಣ್ಣಿನಿಂದ ಕಟ್ಟಿಕೊಂಡು ನೀರು ನಿಂತದ್ದು.

## ಮಣ್ಣು, ಗೊಬ್ಬರ, ನೀರು

ಬರೀ ಕೆಂಪು ಮಣ್ಣು ಹಾಕಿದ್ದೆ, ಕಲ್ಲಿನ ಹಾಗೆ ಗಟ್ಟಿ ಆಯ್ತು. ಏನು ಬೆರೆಸಬೇಕು?

ಅಳತೆಗೆ ಒಂದೇ ಬಾಂಡ್ಲಿ ಇಟ್ಟುಕೊಳ್ಳಿ. ಕೆಂಪು ಮಣ್ಣು ಒಂದು ಬಾಂಡ್ಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು, ತೆಂಗಿನ ನಾರಿನ ಪುಡಿ ಒಂದು. 20 ಲೀಟರ್ ಮಿಶ್ರಣಕ್ಕೆ ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿ ಅಂದರೆ ಅಂಗಡಿಯವರು ಕೋಕೊಪೀಟ್ ಎನ್ನುವುದು. 5 ಕೆಜಿಯ ಇಟ್ಟಿಗೆ ನೆನೆದರೆ 60 ಲೀಟರಿಗೂ ಮೇಲೆ ಉಬ್ಬುತ್ತದೆ. ಅದರಲ್ಲಿ ಉಪ್ಪಿನಂಶ ಇರುತ್ತದೆ, ನೆನೆಸಿ ಹಿಂಡಿ ನೀರು ಚೆಲ್ಲುವುದನ್ನು ಎರಡು ಸಲ ಮಾಡಿ. ಇದನ್ನು ಬಿಟ್ಟವರ ಸಸಿಗಳ ಎಲೆಯಂಚು ಸುಟ್ಟ ಹಾಗಾಗುತ್ತದೆ.

ಸೊಪ್ಪಿಗೆ 6ರಿಂದ 8 ಇಂಚು ಆಳ ಸಾಕು. ಮೆಣಸು, ಬದನೆ, ಟೊಮೆಟೊಗೆ ಗಿಡವೊಂದಕ್ಕೆ 15ರಿಂದ 20 ಲೀಟರ್, ಹೀರೆ, ಸೋರೆ, ಪಡವಲಕ್ಕೆ 30 ಲೀಟರ್ ಬೇಕು. ಬೆಳೆ ಮುಗಿದ ಮೇಲೆ ಮಣ್ಣು ಎಸೆಯಬೇಡಿ. ಬೇರು ಆರಿಸಿ, ಒಂದು ವಾರ ಬಿಸಿಲಿಗೆ ಹರಡಿ, ಕಾಲು ಭಾಗದಷ್ಟು ಹೊಸ ಗೊಬ್ಬರ ಸೇರಿಸಿ ಮತ್ತೆ ತುಂಬಿ. ಅದೇ ಮಣ್ಣಿಗೆ ಮತ್ತೆ ಟೊಮೆಟೊ, ಬದನೆ, ಮೆಣಸು ಬೇಡ. ಮೂರೂ ಒಂದೇ ಕುಟುಂಬದವು, ರೋಗವೂ ಹೆಚ್ಚುಕಮ್ಮಿ ಒಂದೇ.

ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು?

ಗಡಿಯಾರ ನೋಡಿ ಹಾಕುವುದಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ. ತಂಪಾಗಿ ಅಂಟಿದರೆ ಇವತ್ತು ಬೇಡ, ಒಣಗಿದ್ದರೆ ಕೆಳಗಿನ ತೂತಿನಿಂದ ನೀರು ಇಣುಕುವವರೆಗೂ ಹಾಕಿ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಮೇಲಕ್ಕೇ ಉಳಿದು ಮಾರ್ಚ್‌ನ ಬಿಸಿಲಿಗೆ ಸೋಲುತ್ತದೆ. 20 ಲೀಟರಿನ ಚೀಲದಲ್ಲಿ ಕಾಯಿ ಹೊತ್ತ ಟೊಮೆಟೊ ಬೇಸಿಗೆಯಲ್ಲಿ ದಿನಕ್ಕೆ ಒಂದೂವರೆ, ಎರಡು ಲೀಟರ್ ಕುಡಿಯುತ್ತದೆ. ಮಳೆಗಾಲದಲ್ಲಿ ಅದೇ ಗಿಡಕ್ಕೆ ನಾಲ್ಕು ದಿನ ನೀರು ಬೇಕಾಗದೆ ಇರಬಹುದು.

ಮಧ್ಯಾಹ್ನ ಎಲೆ ಜೋತು ಸಂಜೆಗೆ ಎದ್ದು ನಿಂತರೆ ಅದು ಬಿಸಿಲಿನ ಬಳಲಿಕೆ ಅಷ್ಟೆ. ಬೆಳಗ್ಗೆ 7ಕ್ಕೇ ಜೋತಿದ್ದರೆ ಮಣ್ಣು ಮುಟ್ಟಿ. ಒಣಗಿದ್ದರೆ ನೀರು ಸಾಲದು. ಒದ್ದೆಯಿದ್ದೂ ಜೋತಿದ್ದರೆ ಹೆಚ್ಚಾಗಿ ಬೇರು ಕೊಳೆಯುತ್ತಿದೆ ಎಂದು ಅರ್ಥ. ಇಂಥ ಗಿಡಕ್ಕೆ ಪಾಪ ಅಂತ ಇನ್ನಷ್ಟು ನೀರು ಹಾಕಿಯೇ ಹೆಚ್ಚು ಜನ ಕಳೆದುಕೊಳ್ಳುತ್ತಾರೆ.

ಬೋರ್‌ವೆಲ್ ನೀರು ಹಾಕ್ತೀವಿ, ಕುಂಡದ ಅಂಚಿಗೆ ಬಿಳಿ ಪುಡಿ ಕೂರುತ್ತೆ. ಫಿಲ್ಟರ್‌ನಿಂದ ಹೊರಗೆ ಹೋಗೋ ನೀರೂ ಹಾಕಬಹುದಾ?

ಬಿಳಿ ಪುಡಿ ಎಂದರೆ ಗಡಸು ನೀರಿನ ಸುಣ್ಣ, ಉಪ್ಪು. ಮಣ್ಣು ಕ್ಷಾರವಾದಂತೆ ಕಬ್ಬಿಣಾಂಶ ಬೇರಿಗೆ ಸಿಗದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು ಉಳಿಯುತ್ತದೆ. ನಿಂಬೆಯಲ್ಲಿ ಇದು ಬೇಗ ಕಾಣುತ್ತದೆ. ತಿಂಗಳಿಗೊಮ್ಮೆ ಕುಂಡದ ಗಾತ್ರದ ಎರಡರಷ್ಟು ಮಳೆನೀರು ಅಥವಾ ಸಿಹಿನೀರು ಹರಿಸಿ ಉಪ್ಪು ತೊಳೆಯಿರಿ, ಆಮೇಲೆ ಗೊಬ್ಬರ ಕೊಡಿ.

ಆರ್‌ಒ ಫಿಲ್ಟರಿನ ಹೊರನೀರಿನಲ್ಲಿ ಉಪ್ಪು ಇನ್ನೂ ಮಂದ. ನೀರಿನಲ್ಲಿ ಕರಗಿದ ಉಪ್ಪನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ ನೋಡಿ: 500ರ ಒಳಗಿದ್ದರೆ ಯೋಚನೆಯಿಲ್ಲ, 1000 ದಾಟಿದರೆ ಸಿಹಿನೀರು ಬೆರೆಸದೆ ಹಾಕಬೇಡಿ. ಹುರುಳಿಕಾಯಿ, ಕ್ಯಾರೆಟ್ ಉಪ್ಪಿಗೆ ಸೋಲುತ್ತವೆ, ಪಾಲಕ್, ಬೀಟ್‌ರೂಟ್ ತಡೆದುಕೊಳ್ಳುತ್ತವೆ. ನೀರನ್ನು ಮೆದುವಾಗಿಸುವ ಸಾಫ್ಟ್‌ನರ್ ಯಂತ್ರದ ನೀರನ್ನು ಮಾತ್ರ ಗಿಡಕ್ಕೆ ಹಾಕಲೇಬೇಡಿ. ಅದರಲ್ಲಿ ಸುಣ್ಣದ ಜಾಗಕ್ಕೆ ಸೋಡಿಯಂ ಬಂದಿರುತ್ತದೆ, ಅದು ಮಣ್ಣನ್ನೇ ಕೆಡಿಸುತ್ತದೆ.

ಅಡುಗೆಮನೆ ಕಸದ ಗೊಬ್ಬರ ನಾತ ಬರುತ್ತೆ, ಬಿಳಿ ಹುಳ ಆಗಿದೆ. ಎಸೆದುಬಿಡ್ಲಾ?

ಎಸೆಯಬೇಡಿ. ನಾತ ಬಂದರೆ ಹಸಿ ಹೆಚ್ಚಾಗಿ ಗಾಳಿ ಕಡಿಮೆಯಾಗಿದೆ. ಒಂದು ಡಬ್ಬಿ ಹಸಿಕಸಕ್ಕೆ ಎರಡು ಡಬ್ಬಿ ಒಣಗಿದ ಎಲೆ ಅಥವಾ ನಾರಿನ ಪುಡಿ, ವಾರಕ್ಕೆರಡು ಸಲ ಮಗುಚುವುದು. ಹುಳಿ ಮಜ್ಜಿಗೆ ಚಿಮುಕಿಸಿದರೆ ಕೊಳೆಯುವುದು ಚುರುಕಾಗುತ್ತದೆ. ಬಿಳಿಚಿದ, ದಪ್ಪ ಹುಳುಗಳು ಸಾಮಾನ್ಯವಾಗಿ ಕಪ್ಪು ಸೈನಿಕ ನೊಣದ ಮರಿಗಳು. ಅವು ಕಸ ತಿನ್ನುತ್ತವೆ, ಗಿಡ ತಿನ್ನುವುದಿಲ್ಲ. 45ರಿಂದ 60 ದಿನಕ್ಕೆ ಮೊದಲ ಮಳೆಯ ಮಣ್ಣಿನ ವಾಸನೆ ಬರಬೇಕು. ಅನುಮಾನವಿದ್ದರೆ ಒಂದು ಹಿಡಿ ಗೊಬ್ಬರದಲ್ಲಿ ಸಾಸಿವೆ ಉದುರಿಸಿ. ನಾಲ್ಕೈದು ದಿನದಲ್ಲಿ ಹಸಿರಾಗಿ ಮೊಳೆತರೆ ಗೊಬ್ಬರ ತಯಾರು, ಇಲ್ಲವಾದರೆ ಇನ್ನೂ ಕಳಿಯಲಿ.

ಮೊಟ್ಟೆ ಸಿಪ್ಪೆ, ಬಾಳೆ ಸಿಪ್ಪೆ, ಅಕ್ಕಿ ತೊಳೆದ ನೀರು ಹಾಕಿದರೆ ಗೊಬ್ಬರವೇ ಬೇಡವಂತೆ, ನಿಜವಾ?

ನಿಜವಲ್ಲ. ಅಕ್ಕಿ ತೊಳೆದ ನೀರು ಹಾಕಿದರೆ ತೊಂದರೆಯಿಲ್ಲ, ಅದರಲ್ಲಿ ಪೋಷಕಾಂಶ ಅಲ್ಪ. ಮೊಟ್ಟೆ ಸಿಪ್ಪೆ ನುಣ್ಣಗೆ ಪುಡಿಯಾಗಿದ್ದರೂ ಕರಗಲು ತಿಂಗಳುಗಟ್ಟಲೆ ಬೇಕು. ಬಾಳೆ ಸಿಪ್ಪೆ ಗೊಬ್ಬರದ ಡಬ್ಬಿಗೆ ಹೋಗಲಿ, ಕುಂಡದಲ್ಲಿ ಹೂತರೆ ಹೆಗ್ಗಣ ಬಂದು ಗಿಡದ ಸಮೇತ ಕೆದಕುತ್ತದೆ.

## ಬಿತ್ತನೆ, ಹೂವು, ಕಾಯಿ

ಕೊತ್ತಂಬರಿ ಹಾಕಿ 8 ದಿನ ಆಯ್ತು, ಒಂದೂ ಎದ್ದಿಲ್ಲ.

ಇನ್ನೊಂದು ವಾರ ಕಾಯಿರಿ. ಕೊತ್ತಂಬರಿಗೆ 8ರಿಂದ 15 ದಿನ ಬೇಕು. ಮುಂದಿನ ಸಲ ಕಾಳನ್ನು ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ. ಬೇಸಿಗೆಯಲ್ಲಿ ಬೇಗ ಹೂವಿಗೆ ಹೋಗಿಬಿಡುತ್ತದೆ, ಆಗ ಮಧ್ಯಾಹ್ನದ ನೆರಳು ಬೇಕು.

ಅವರೆ ಬಳ್ಳಿ ಚಪ್ಪರ ತುಂಬ ಹಬ್ಬಿದೆ. ಆರು ತಿಂಗಳಾದರೂ ಒಂದು ಹೂವಿಲ್ಲ. ಬೀಜವೇ ಸರಿ ಇಲ್ವಾ?

ಬೀಜ ಸರಿಯಿದೆ, ಬಿತ್ತಿದ ತಿಂಗಳು ಸರಿಯಿಲ್ಲ. ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂವಿಗೆ ತಿರುಗುತ್ತದೆ. ಫೆಬ್ರವರಿಯಲ್ಲಿ ಬಿತ್ತಿದರೂ ಆಗಸ್ಟಿನಲ್ಲಿ ಬಿತ್ತಿದರೂ ಅದು ಹೂ ಕಾಣುವುದು ಅಕ್ಟೋಬರಿನ ಆಚೀಚೆಗೆ. ಅವರೆಕಾಯಿಯ ಭರಾಟೆ ಡಿಸೆಂಬರ್, ಜನವರಿಯಲ್ಲಿ ಇರುವುದು ಇದಕ್ಕೇ. ಜುಲೈ ಕೊನೆಗೋ ಆಗಸ್ಟಿಗೋ ಬಿತ್ತಿ, ಬಳ್ಳಿ ಚಪ್ಪರಕ್ಕೆ ಹತ್ತುವಷ್ಟರಲ್ಲಿ ಕಾಲವೂ ಕೂಡಿಬರುತ್ತದೆ.

ವರ್ಷವಿಡೀ ಬೇಕೆನ್ನುವವರಿಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿವೆ. ಹಗಲಿನ ಉದ್ದ ನೋಡದೆ ಹೂ ಬಿಡುವ ಗಿಡ್ಡ ಗಿಡಗಳವು, ಚಪ್ಪರವೂ ಬೇಡ. ಸೊಗಡಿಗೆ ಮಾತ್ರ ಚಳಿಗಾಲದ ನಾಟಿ ಅವರೆಯೇ ಸೈ.

ಹೀರೆ, ಸೋರೆ, ಕುಂಬಳದ ಹೀಚು ಬೆರಳುದ್ದ ಆಗಿ ಹಳದಿಯಾಗಿ ಉದುರುತ್ತೆ. ಏನು ಕಡಿಮೆ ಆಗಿದೆ?

ಬಹುತೇಕ ಕಡಿಮೆಯಾಗಿರುವುದು ಪರಾಗ. ಈ ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇರುತ್ತದೆ, ಗಂಡು ಹೂವಿಗೆ ಬರೀ ತೊಟ್ಟು. ಮೊದಲ ಒಂದೆರಡು ವಾರ ಗಂಡು ಹೂವೇ ಬರುವುದು ಸಹಜ, ಗಾಬರಿಯಾಗಬೇಡಿ. ನಾಲ್ಕನೇ ಮಹಡಿಗೆ ಜೇನು ಬಾರದಿದ್ದರೆ ನೀವೇ ಪರಾಗ ಮುಟ್ಟಿಸಬೇಕು.

ಯಾವ ಹೊತ್ತಿಗೆ ಎನ್ನುವುದೇ ಮುಖ್ಯ, ಇಲ್ಲೇ ಹೆಚ್ಚಿನವರು ಎಡವುವುದು. ಕುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ. ಕುಂಬಳವನ್ನು 8 ಗಂಟೆಯೊಳಗೆ ಮುಗಿಸಿ. ಹೀರೆ ಅರಳುವುದು ಸಂಜೆ 5ರ ಸುಮಾರಿಗೆ. ಸೋರೆಯ ಬಿಳಿ ಹೂ ಸಂಜೆಗೆ, ಪಡವಲದ್ದು ಇನ್ನೂ ಕತ್ತಲಾದ ಮೇಲೆ. ಆಗ ತಾನೇ ಅರಳಿದ ಗಂಡು ಹೂ ಕಿತ್ತು, ದಳ ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲಗೆ ಒತ್ತಿ ತಿರುಗಿಸಿ. ಕಾಯಿ ಕಚ್ಚಿದ್ದರೆ ನಾಲ್ಕೈದು ದಿನಕ್ಕೆ ಗಾತ್ರ ಏರಿದ್ದು ಕಣ್ಣಿಗೇ ಕಾಣುತ್ತದೆ.

ಕಾಯಿ ಕಚ್ಚಿ ದಪ್ಪವಾಗುತ್ತಾ ಸೊಟ್ಟಗಾಗಿ, ಸೂಜಿ ಚುಚ್ಚಿದಂಥ ಕಲೆಯಿಂದ ಅಂಟು ಒಸರಿದರೆ ಅದು ಹಣ್ಣಿನ ನೊಣ. ಒಳಗೆ ಮೊಟ್ಟೆ ಇಟ್ಟಾದ ಮೇಲೆ ಯಾವ ಸಿಂಪಡಣೆಯೂ ತಲುಪುವುದಿಲ್ಲ. ಕಾಯಿ ಕಚ್ಚಿದ ಎರಡು ಮೂರು ದಿನದಲ್ಲೇ ದಿನಪತ್ರಿಕೆಯ ಕೊಳವೆಯೋ ತೆಳು ಬಟ್ಟೆಯ ಚೀಲವೋ ತೊಡಿಸಿ. ವಾಸನೆಯಿಂದ ನೊಣವನ್ನು ಸೆಳೆಯುವ ಕ್ಯೂ ಲೂರ್ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಅಕ್ಕಪಕ್ಕದ ಮನೆಯವರೂ ಕಟ್ಟಿದರೆ ಫಲ ಹೆಚ್ಚು. ಹುಳುಕು ಕಾಯಿಯನ್ನು ಗೊಬ್ಬರದ ಡಬ್ಬಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಬಿಸಿಲಿಗಿಟ್ಟರೆ ಮರಿಹುಳು ಸಾಯುತ್ತವೆ.

## ರೋಗ, ಹುಳು

ಮೆಣಸಿನ ಗಿಡಕ್ಕೆ ಮುಟುರು ಬಂದಿದೆ. ಬೇವಿನ ಎಣ್ಣೆ ಹೊಡೆದರೂ ಹೋಗ್ತಿಲ್ಲ.

ಎಲೆ ಯಾವ ಕಡೆ ಮುದುರಿದೆ ನೋಡಿ. ದೋಣಿಯ ಹಾಗೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಪುಟ್ಟ ಕೀಟ. ಬೋರಲು ಹಾಕಿದ ದೋಣಿಯಂತೆ ಕೆಳಕ್ಕೆ ಬಾಗಿ, ಎಲೆ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎಲೆ ಚಿಕ್ಕದಾಗಿ, ಹಳದಿ ಬೆರೆತು, ಗಿಡವೇ ಕುಳ್ಳಗೆ ನಿಂತಿದ್ದರೆ ಬಿಳಿ ನೊಣ ತಂದ ನಂಜುರೋಗ. ಅದಕ್ಕೆ ಔಷಧಿಯಿಲ್ಲ, ಗಿಡ ಕಿತ್ತು ತೆಗೆಯುವುದೇ ಉಳಿದ ಗಿಡಗಳಿಗೆ ಕ್ಷೇಮ.

ಥ್ರಿಪ್ಸ್‌ಗೆ ಬೇವಿನ ಎಣ್ಣೆ ಆಗುತ್ತದೆ, ಮಾಡುವ ಕ್ರಮ ಸರಿಯಿದ್ದರೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಮೊದಲು 1 ಮಿಲೀ ದ್ರವ ಸೋಪು, ಆಮೇಲೆ 5 ಮಿಲೀ ಎಣ್ಣೆ ಹಾಕಿ ಹಾಲಿನ ಬಣ್ಣ ಬರುವವರೆಗೆ ಕುಲುಕಿ. ಎಣ್ಣೆ ತೇಲುತ್ತಿದ್ದರೆ ಎಲೆ ಸುಡುತ್ತದೆ. ಸಂಜೆ 5ರ ನಂತರ, ಎಲೆಯ ಅಡಿಭಾಗಕ್ಕೆ, 5ರಿಂದ 7 ದಿನಕ್ಕೊಮ್ಮೆ ಮೂರು ಸಲ ಹೊಡೆಯಿರಿ. ಕಲಸಿದ್ದನ್ನು ಅಂದೇ ಮುಗಿಸಿ. ಮೈಟ್‌ಗೆ ಲೀಟರಿಗೆ 3 ಗ್ರಾಂ ನೀರಲ್ಲಿ ಕರಗುವ ಗಂಧಕ ಹೆಚ್ಚು ಕೆಲಸ ಮಾಡುತ್ತದೆ. ಗಂಧಕಕ್ಕೂ ಎಣ್ಣೆಗೂ ನಡುವೆ ಎರಡು ವಾರದ ಅಂತರ ಇರಲಿ, ಇಲ್ಲವಾದರೆ ಎಲೆ ಸುಟ್ಟೀತು. ಒಮ್ಮೆ ಮುದುರಿದ ಎಲೆ ಮತ್ತೆ ಬಿಚ್ಚಿಕೊಳ್ಳುವುದಿಲ್ಲ, ಹೊಸ ಚಿಗುರು ನೇರವಾಗಿದ್ದರೆ ಗುಣವಾಯಿತೆಂದು ತಿಳಿಯಿರಿ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆ ಆಗ್ತಿದೆ.

ಇದು ಅಂಟುರೋಗವಲ್ಲ. ಕಾಯಿಯ ತುದಿಗೆ ಸುಣ್ಣದಂಶ ತಲುಪಿಲ್ಲ. ಸುಣ್ಣದಂಶ ನೀರಿನ ಜೊತೆಗೇ ಮೇಲೇರಬೇಕು, ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದರೆ ಏರುವುದಿಲ್ಲ. ಕಪ್ಪಾದ ಕಾಯಿ ಕೀಳಿ, ಬುಡಕ್ಕೆ ಎರಡು ಇಂಚು ಒಣಗಿದ ಎಲೆ ಮುಚ್ಚಿ, ನೀರಿನ ಹದ ಒಂದೇ ಸಮ ಇಡಿ, ಯೂರಿಯಾ ನಿಲ್ಲಿಸಿ. ಕರಾವಳಿ, ಮಲೆನಾಡಿನ ಹುಳಿ ಮಣ್ಣಿನಲ್ಲಿ ನೆಡುವ ಎರಡು ವಾರ ಮುಂಚೆ 20 ಲೀಟರ್ ಮಣ್ಣಿಗೆ ಒಂದು ಚಮಚ ಕೃಷಿ ಸುಣ್ಣ ಬೆರೆಸಿ.

ಬದನೆ ಗಿಡ ಹಸಿರಾಗೇ ಇತ್ತು, ಎರಡೇ ದಿನದಲ್ಲಿ ಪೂರ್ತಿ ಬಾಡಿ ಸತ್ತಿತು. ನಮ್ಮ ಕಡೆ ಎಲ್ಲರ ಮನೇಲೂ ಹೀಗೇ.

ಕರಾವಳಿ, ಮಲೆನಾಡಿನವರಿಂದ ಹೆಚ್ಚು ಬರುವ ಪ್ರಶ್ನೆ. ಬುಡದ ಕಾಂಡವನ್ನು ಓರೆಯಾಗಿ ಕತ್ತರಿಸಿ, ಗಾಜಿನ ಲೋಟದ ನೀರಿನಲ್ಲಿ ತುದಿ ಮುಳುಗುವಂತೆ ಹಿಡಿಯಿರಿ. ಐದು ಹತ್ತು ನಿಮಿಷದಲ್ಲಿ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ದುಂಡಾಣು ಸೊರಗು ರೋಗ. ಸಿಂಪಡಿಸಿ ಗುಣಪಡಿಸುವ ಮದ್ದಿಲ್ಲ. ಗಿಡವನ್ನು ಬೇರಿನ ಸಮೇತ ತೆಗೆದು ಸುಡಿ, ಆ ಜಾಗಕ್ಕೆ ಕೆಲವು ವರ್ಷ ಬದನೆ, ಟೊಮೆಟೊ, ಮೆಣಸು ಬೇಡ. ಬಸಳೆ, ಹರಿವೆ, ಅಲಸಂದೆ ಹಾಕಿ. ಆ ಮಣ್ಣು ತಾಗಿದ ಗುದ್ದಲಿಯನ್ನು ತೊಳೆಯದೆ ಬೇರೆ ಮಡಿಗೆ ಒಯ್ಯಬೇಡಿ. ಟೊಮೆಟೊ ಬೇಕೇ ಬೇಕಾದರೆ ಈ ರೋಗ, ಎಲೆ ಮುದುರು ನಂಜು, ಎಲೆ ಅಂಗಮಾರಿ ಮೂರನ್ನೂ ತಡೆಯುವ ಅರ್ಕಾ ರಕ್ಷಕ್ ನೆಡಿ.

ಮಳೆ ಶುರುವಾದರೆ ದೊಡ್ಡ ಬಸವನಹುಳುಗಳು ಸಸಿ ಎಲ್ಲ ಮುಗಿಸ್ತವೆ. ಉಪ್ಪು ಹಾಕಲಾ?

ಮಣ್ಣಿಗೆ ಉಪ್ಪು ಬೇಡ, ಗಿಡವೂ ಸಾಯುತ್ತದೆ. ಸಂಜೆ ಒದ್ದೆ ಗೋಣಿಚೀಲದ ಕೆಳಗೆ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಸಿಪ್ಪೆ ಇಡಿ. ರಾತ್ರಿ 9ರ ಮೇಲೆ ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಬೆಳಗ್ಗೆ ತೋಟದಿಂದ ದೂರ ಹೂಳಿ. ಬರಿಗೈ ಬೇಡ: ಆಫ್ರಿಕನ್ ಬಸವನಹುಳು ಮನುಷ್ಯರ ಮಿದುಳಿಗೆ ತೊಂದರೆ ಕೊಡುವ ಜಂತುವನ್ನು ಹೊತ್ತಿರಬಹುದು. ಸೊಪ್ಪನ್ನೂ ಆ ದಿನಗಳಲ್ಲಿ ಹಸಿಯಾಗಿ ತಿನ್ನಬೇಡಿ.

## ಹಣ್ಣು

ಡ್ರಮ್‌ನಲ್ಲಿ ಯಾವ ಹಣ್ಣಿನ ಗಿಡ ಆಗುತ್ತೆ?

ನಿಂಬೆ, ಸೀಬೆ, ದಾಳಿಂಬೆ, ಅಂಜೂರ, ಹಿಪ್ಪುನೇರಳೆ, ಕಸಿ ಸಪೋಟ. ಹಲಸು, ಬೀಜದಿಂದ ಎದ್ದ ಮಾವು ಬೇಡ. 200 ಲೀಟರಿನ ಡ್ರಮ್ ಅರ್ಧಕ್ಕೆ ಕತ್ತರಿಸಿದರೆ ಎರಡು ಗಿಡಕ್ಕಾಯಿತು. ತಳದಲ್ಲಿ ಅರ್ಧ ಇಂಚಿನ 6ರಿಂದ 8 ತೂತು ಕೊರೆಯಿರಿ. ಸೀಬೆ ಹೊಸ ಚಿಗುರಿನಲ್ಲೇ ಹೂ ಬಿಡುವುದರಿಂದ ಕೊಯ್ಲಾದ ಮೇಲೆ ಪ್ರತಿ ರೆಂಬೆಯ ತುದಿ ನಾಲ್ಕೈದು ಇಂಚು ಸವರಬೇಕು. ಎರಡು ಮೂರು ವರ್ಷಕ್ಕೊಮ್ಮೆ ಗಿಡವನ್ನು ಹೊರತೆಗೆದು, ಸುತ್ತ ಎರಡು ಇಂಚು ಬೇರು ಕತ್ತರಿಸಿ, ಹೊಸ ಮಣ್ಣು ತುಂಬಿ ಮತ್ತೆ ಕೂರಿಸಿ.

ನಿಂಬೆ ಗಿಡಕ್ಕೆ ನಾಲ್ಕು ವರ್ಷ. ಎಲೆ ಚೆನ್ನಾಗಿದೆ, ಹೂವೇ ಇಲ್ಲ.

ಬೀಜದ ಗಿಡವಾದರೆ ನಾಲ್ಕೈದು ವರ್ಷ ಹಿಡಿಯುತ್ತದೆ, ಇನ್ನೂ ಕಾಲವಿದೆ. ಕಸಿ ಗಿಡವಾದರೆ ಕಸಿ ಗಂಟಿನ ಕೆಳಗಿನಿಂದ ಎದ್ದ ಚಿಗುರನ್ನು ಬಿಟ್ಟಿದ್ದೀರಾ ನೋಡಿ. ಅದು ಬೇರುಗಿಡದ್ದು, ಕಸಿಯನ್ನೇ ನುಂಗಿ ಬೆಳೆಯುತ್ತದೆ. ಎಲ್ಲ ಸರಿಯಿದ್ದೂ ಹೂವಿಲ್ಲದಿದ್ದರೆ ಗಿಡಕ್ಕೆ ಸ್ವಲ್ಪ ಬಾಯಾರಿಕೆ ಬೇಕು. ಮಳೆಯಿಲ್ಲದ ದಿನಗಳಲ್ಲಿ ಎಲೆ ತುಸು ಜೋಲುವವರೆಗೆ ನೀರು ನಿಲ್ಲಿಸಿ, ಆಮೇಲೆ ಎರಡು ಮೂರು ಕೆಜಿ ಗೊಬ್ಬರ ಕೊಟ್ಟು ನೀರು ತುಂಬ ಹಾಕಿ. ಎಲೆ ಉದುರಲು ಶುರುವಾಗುವ ತನಕ ಕಾಯಬೇಡಿ.

ಪಪ್ಪಾಯಿ ಹೂ ಗೊಂಚಲು ಗೊಂಚಲಾಗಿ ಬಿಡುತ್ತೆ, ಒಂದೂ ಕಾಯಿ ಆಗಲ್ಲ.

ಉದ್ದ ತೊಟ್ಟಿನಲ್ಲಿ ಜೋತಾಡುವ ಗೊಂಚಲಾದರೆ ಅದು ಗಂಡು ಗಿಡ. ನಾಟಿ ಬೀಜವಾದರೆ ಒಂದು ಗುಂಡಿಗೆ ಮೂರು ಸಸಿ ನೆಟ್ಟು, ಹೂ ನೋಡಿದ ಮೇಲೆ ಕಾಯಿ ಕಚ್ಚುವ ಒಂದನ್ನು ಉಳಿಸಿಕೊಳ್ಳಿ. ರೆಡ್ ಲೇಡಿ, ಅರ್ಕಾ ಸೂರ್ಯ ತಳಿಗಳಲ್ಲಿ ಗಂಡು ಗಿಡದ ಕಾಟವಿಲ್ಲ. ಬುಡದಲ್ಲಿ ಒಂದೇ ದಿನ ನೀರು ನಿಂತರೂ ಪಪ್ಪಾಯಿ ಕೊಳೆಯುತ್ತದೆ, ದಿಬ್ಬದ ಮೇಲೆಯೇ ನೆಡಿ.

## ಪಳಗಿದವರು ಕೇಳುವುದು

ನಮ್ಮ ಬೀಜ ನಾವೇ ಇಟ್ಟುಕೊಂಡರೆ ಮುಂದಿನ ವರ್ಷ ಬೇರೆ ಥರ ಕಾಯಿ ಬರುತ್ತೆ, ಯಾಕೆ?

ಎರಡು ಕಾರಣ. ಒಂದು, ಅದು ಹೈಬ್ರಿಡ್ ಆಗಿದ್ದಿರಬಹುದು. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್‌ನ ಬೀಜ ಹಾಕಿದರೆ ಗಿಡಕ್ಕೊಂದು ಥರ ಬರುತ್ತದೆ. ಇನ್ನೊಂದು, ಪರಾಗ ಬೆರೆತಿರಬಹುದು. ಟೊಮೆಟೊ, ಹುರುಳಿಕಾಯಿ, ಅಲಸಂದೆ ತಮ್ಮ ಪರಾಗದಲ್ಲೇ ಕಾಯಿ ಕಟ್ಟುವುದರಿಂದ ಅಷ್ಟು ಬೆರೆಯುವುದಿಲ್ಲ. ಬದನೆ, ಮೆಣಸು, ಬೆಂಡೆ ಬೆರೆಯುತ್ತವೆ. ಉಡುಪಿಯ ಮಟ್ಟು ಗುಳ್ಳ 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬದನೆ. ಅದರ ಪಕ್ಕ ಉದ್ದ ಬದನೆ ಇಟ್ಟು ಬೀಜ ಹಿಡಿದರೆ ಅದು ಗುಳ್ಳವಾಗಿ ಉಳಿಯುವ ಖಾತ್ರಿಯಿಲ್ಲ. ಬೀಜಕ್ಕೆಂದು ಗುರುತಿಸಿದ ಮೊಗ್ಗಿಗೆ ಅರಳುವ ಮುಂಚೆಯೇ ತೆಳು ಬಟ್ಟೆಯ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಬಿಚ್ಚಿ ದಾರ ಕಟ್ಟಿ ಗುರುತಿಡಿ.

ಟೊಮೆಟೊ ಬೀಜವನ್ನು ತಿರುಳಿನ ಸಮೇತ ಎರಡು ದಿನ ಲೋಟದಲ್ಲಿ ಹುಳಿಯಲು ಬಿಟ್ಟು, ತೊಳೆದು, ಮುಳುಗಿದ್ದನ್ನು ಮಾತ್ರ ನೆರಳಲ್ಲಿ ಒಣಗಿಸಿ. ಬಿತ್ತುವ ಮುಂಚೆ ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಸುತ್ತಿ ನೋಡಿ. ಏಳಕ್ಕಿಂತ ಕಡಿಮೆ ಮೊಳೆತರೆ ದಟ್ಟವಾಗಿ ಬಿತ್ತಿ.

ಬದನೆಯನ್ನು ಸುಂಡೆ ಗಿಡಕ್ಕೆ ಕಸಿ ಕಟ್ಟಿದರೆ ಸೊರಗು ಬರಲ್ವಂತೆ. ಮನೇಲೇ ಮಾಡೋದು ಹೇಗೆ?

ಸುಂಡೆ ಬದನೆಯ ಕುಲದ್ದೇ ಮುಳ್ಳಿನ ಕಾಡುಗಿಡ, ಅದರ ಬೇರು ಸೊರಗು ತರುವ ದುಂಡಾಣುವನ್ನು ಬಹುಮಟ್ಟಿಗೆ ತಡೆಯುತ್ತದೆ. ಅದರ ಬೀಜ ನಿಧಾನವಾಗಿ ಮೊಳೆಯುವುದರಿಂದ ಬದನೆಗಿಂತ ಮೂರು ನಾಲ್ಕು ವಾರ ಮೊದಲು ಬಿತ್ತಬೇಕು. ಎರಡರ ಕಾಂಡವೂ ಒಂದೇ ದಪ್ಪ, ಸುಮಾರು 3 ಮಿಲೀಮೀಟರ್, ಆದಾಗ ಕಟ್ಟುವ ಹದ.

ಸುಂಡೆಯನ್ನು ಮಣ್ಣಿನಿಂದ ಮೂರು ಇಂಚು ಮೇಲೆ ಅಡ್ಡಕ್ಕೆ ಕತ್ತರಿಸಿ, ಹೊಸ ಬ್ಲೇಡಿನಿಂದ ನಡುವೆ ಅರ್ಧ ಇಂಚು ಸೀಳಿ. ಬದನೆಯ ತುದಿಯಲ್ಲಿ ಎರಡು ಎಳೆ ಎಲೆ ಬಿಟ್ಟು, ಬುಡವನ್ನು ಎರಡೂ ಕಡೆ ಬೆಣೆಯಂತೆ ಕೆತ್ತಿ ಸೀಳಿಗೆ ಇಳಿಸಿ. ಸಿಪ್ಪೆಗೆ ಸಿಪ್ಪೆ ಕನಿಷ್ಠ ಒಂದು ಬದಿಯಾದರೂ ಕೂಡಬೇಕು. ಕಸಿ ಕ್ಲಿಪ್ ಹಾಕಿ, ಒಳಗೆ ನೀರು ಚಿಮುಕಿಸಿದ ಪ್ಲಾಸ್ಟಿಕ್ ಚೀಲ ಮುಚ್ಚಿ, ನೆರಳಲ್ಲಿ ಒಂದು ವಾರ ಇಡಿ. ಕಸಿ ಸೋಲುವುದು ಹೆಚ್ಚಾಗಿ ಈ ವಾರದಲ್ಲೇ: ಬಿಸಿಲು ಬಿದ್ದು ತುದಿ ಬಾಡುತ್ತದೆ, ಅಥವಾ ಹನಿ ಗಾಯಕ್ಕಿಳಿದು ಕೊಳೆಯುತ್ತದೆ. ಎಂಟನೇ ದಿನದಿಂದ ಚೀಲವನ್ನು ದಿನಕ್ಕೆ ಒಂದೊಂದು ಗಂಟೆ ಹೆಚ್ಚು ತೆರೆಯುತ್ತ ಬನ್ನಿ. ಮೂರನೇ ವಾರಕ್ಕೆ ನೆಡಬಹುದು. ಕಸಿ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಮಣ್ಣು ಏರಿಸಿದರೆ ಬದನೆಯೇ ಬೇರು ಬಿಟ್ಟು ಮತ್ತೆ ರೋಗಕ್ಕೆ ದಾರಿಯಾಗುತ್ತದೆ. ಗಂಟಿನ ಕೆಳಗೆ ಮುಳ್ಳಿನ ಚಿಗುರು ಕಂಡಾಗಲೆಲ್ಲ ಮುರಿಯುತ್ತಿರಿ.